ಕಂಬದ ಹಿಂದಿನ ವಿಚಾರಣೆ

ನಾನು ಕೆಲಸ ಮಾಡುವ ಸರ್ಕಾರಿ ಕಟ್ಟಡಕ್ಕೆ ಬರುವವರಲ್ಲಿ ಅರ್ಧ ಜನಕ್ಕೆ ಬಾಗಿಲು ಸಿಗುವುದಿಲ್ಲ. ಬಾಗಿಲು ಸಿಕ್ಕವರಿಗೆ ಒಳಗಿರುವವರ ಮೇಲೆ ನಂಬಿಕೆ ಇರುವುದಿಲ್ಲ. ಹಾಗಾಗಿ ನಗುವಂಥದ್ದು ಇಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ.

ಇದನ್ನೆಲ್ಲ ಬರೆದಿಡು ಎಂದು ಹೇಳಿದವಳು ನನ್ನ ಮಗಳು. ನಾನು ಈವರೆಗೆ ಕಚೇರಿಯ ಟಿಪ್ಪಣಿ ಬಿಟ್ಟು ಬೇರೇನೂ ಬರೆದವಳಲ್ಲ. ಟಿಪ್ಪಣಿಯಲ್ಲಿ ಎಲ್ಲವನ್ನೂ ಮೊದಲಿನಿಂದ ವಿವರಿಸಬೇಕು, ಇಲ್ಲದಿದ್ದರೆ ಮೇಲಿನವರು ‘ಸ್ಪಷ್ಟಪಡಿಸಿ’ ಎಂದು ಬರೆದು ವಾಪಸು ಕಳಿಸುತ್ತಾರೆ. ಅದೇ ಭಯದಲ್ಲಿ ಇಲ್ಲಿಯೂ ಸ್ವಲ್ಪ ಹೆಚ್ಚಾಗಿಯೇ ವಿವರಿಸುತ್ತೇನೆ.

ಮೊದಲು ಕಟ್ಟಡ. ಹೆಬ್ಬಾಳ ದಾಟಿ ಕೆಂಪಾಪುರ ಸಿಗುವ ಮೊದಲು ನಾಲ್ಕು ಬ್ಲಾಕುಗಳು ನಿಂತಿವೆ. ನಾಲ್ಕೂ ಒಂದೇ ಥರ. ಬರೀ ಕಾಂಕ್ರೀಟು, ಸುಣ್ಣವಿಲ್ಲ, ಬಣ್ಣವಿಲ್ಲ. ಕೆಳಗೆ ಗೋಡೆಯೇ ಇಲ್ಲ, ಇಡೀ ಕಟ್ಟಡ ಕಂಬಗಳ ಮೇಲೆ ನಿಂತಿದೆ. ಕಿಟಕಿಗಳ ಮುಂದೆ ಬಿಸಿಲು ತಡೆಯಲೆಂದು ಉದ್ದುದ್ದ ಕಾಂಕ್ರೀಟ್ ಹಲಗೆಗಳಿವೆ. ಮೇಲಿನ ಮಹಡಿಗಳಲ್ಲಿ ಒಂದು ಬ್ಲಾಕಿನಿಂದ ಇನ್ನೊಂದಕ್ಕೆ ಸೇತುವೆ ಇದೆ. ಆದ್ದರಿಂದ ಮೂರನೇ ಬ್ಲಾಕಿನಲ್ಲಿ ಹತ್ತಿದವರು ಒಂದನೇ ಬ್ಲಾಕಿನಲ್ಲಿ ಇಳಿದು, ತಮ್ಮ ಸ್ಕೂಟರ್ ಕಳುವಾಯಿತೆಂದು ಗಲಾಟೆ ಮಾಡುತ್ತಾರೆ.

ನನ್ನ ಜಾಗ ಎರಡನೇ ಬ್ಲಾಕಿನ ಕೆಳಗೆ, ಎಲ್ಲಕ್ಕಿಂತ ದಪ್ಪನೆಯ ಕಂಬದ ಹಿಂದೆ. ಒಂದು ಮೇಜು, ಒಂದು ಕುರ್ಚಿ, ತಲೆಯ ಮೇಲೆ ‘ವಿಚಾರಣೆ’ ಎಂಬ ಬೋರ್ಡು. ಗೇಟಿನಿಂದ ಬರುವವರಿಗೆ ಕಂಬ ಮಾತ್ರ ಕಾಣುತ್ತದೆ. ಬೋರ್ಡು ಕಾಣುವುದು ಕೆಲಸ ಮುಗಿಸಿಕೊಂಡು ಆಚೆ ಹೋಗುವವರಿಗೆ. ಮುಂಚೆ ನಾನು ಮೇಲಿನ ಮಹಡಿಯ ದಾಸ್ತಾನು ವಿಭಾಗದಲ್ಲಿದ್ದೆ, ಅಂದರೆ ಪೇಪರು, ಪೊರಕೆ, ಕುರ್ಚಿಗಳನ್ನು ಇಟ್ಟುಕೊಂಡು ಕೇಳಿದವರಿಗೆ ಕೊಡುವ ವಿಭಾಗ. ಮಂಡಿನೋವು ಬಂದ ಮೇಲೆ ನಾನೇ ಕೇಳಿಕೊಂಡು ಕೆಳಗೆ ಹಾಕಿಸಿಕೊಂಡೆ.

ಇನ್ನು ಮಗಳ ವಿಷಯ. ಇದನ್ನು ಹೇಳದಿದ್ದರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ. ಅವಳು ಕೆಂಪಾಪುರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ಒಮ್ಮೆ ಕಾಲು ಮುರಿದ ಬೀದಿನಾಯಿಯನ್ನು ಎತ್ತಿಕೊಂಡು ಹೋಗಿ ಒಬ್ಬ ಪಶುವೈದ್ಯನಿಗೆ ತೋರಿಸಿದಳು. ನಾಯಿಯ ಕಾಲು ವಾಸಿಯಾದ ಮೇಲೂ ತೋರಿಸುವುದು ನಿಲ್ಲಲಿಲ್ಲ. ಹುಡುಗ ಜಕ್ಕೂರಿನ ಹಳೇ ಊರಿನವನು. ತಂದೆ ಇಲ್ಲ, ಮನೆಯಲ್ಲಿ ದೊಡ್ಡಪ್ಪನ ಮಾತೇ ಕೊನೆ. ದೊಡ್ಡಪ್ಪನ ಕಿವಿಯಲ್ಲಿ ಕೊನೆಯ ಮಾತು ಗೊರಗುಂಟೆಪಾಳ್ಯದಲ್ಲಿರುವ ಹುಡುಗನ ಸೋದರತ್ತೆಯದು. ಆ ಸೋದರತ್ತೆ, ಸರ್ಕಾರಿ ಕೆಲಸದವರ ಮನೆಯಾದರೆ ಮೊದಲು ಚೆನ್ನಾಗಿ ವಿಚಾರಿಸಿ ಎಂದಿದ್ದರಂತೆ.

ಮಾತುಕತೆಯ ಮಧ್ಯೆ ಇದ್ದವಳು ನನ್ನ ಓರಗಿತ್ತಿ. ಅವಳು ಫೋನ್ ಮಾಡಿ, “ಅಕ್ಕ, ಅವರ ಕಡೆಯಿಂದ ಯಾರೋ ಒಬ್ರು ನಿಮ್ ಆಫೀಸಿಗೆ ಬಂದು ವಿಚಾರಿಸ್ತಾರಂತೆ. ಯಾರು, ಯಾವತ್ತು, ನಂಗೂ ಹೇಳಿಲ್ಲ. ನಿಮಗೆ ಗೊತ್ತಿಲ್ಲದ ಹಾಗೇ ಇರಿ” ಎಂದಳು.

ಆ ರಾತ್ರಿ ಊಟಕ್ಕೆ ಕೂತಾಗ ಮಗಳು ತಟ್ಟೆ ನೋಡುತ್ತಾ ಹೇಳಿದಳು: “ಅಮ್ಮ, ಇದೊಂದು ಮುಗಿಯೋವರೆಗೂ ಯಾರ ಮೇಲೂ ರೇಗ್ಬೇಡ. ಯಾರ್ ಬಂದ್ರೂ ನಗ್ತಾ ಮಾತಾಡು. ನಂಗೆ ಇದು ಬೇಕು ಕಣಮ್ಮ.”

ಚಿಕ್ಕಂದಿನಿಂದ ಬಳೆ ರಿಬ್ಬನ್ನೂ ಕೇಳದ ಹುಡುಗಿ. ನಾನು ಮಾತು ಕೊಟ್ಟೆ. ಮಾರನೆಯ ದಿನದಿಂದ ನನ್ನ ಮೇಜಿಗೆ ಬರುವ ಪ್ರತಿಯೊಬ್ಬರೂ ನನ್ನ ಕಣ್ಣಿಗೆ ಗಂಡಿನ ಕಡೆಯವರೇ.

ಬಣ್ಣ ಎಲ್ಲಿ ಹೋಯಿತು

ಮೊದಲು ಅನುಮಾನ ಬಂದಿದ್ದು ಎಣ್ಣೆ ಹಚ್ಚಿ ತಲೆ ಬಾಚಿಕೊಂಡಿದ್ದ ಒಬ್ಬರ ಮೇಲೆ. ಖಾತೆ ಬದಲಾವಣೆಗೆ ಬಂದವರಂತೆ. ಆದರೆ ಖಾತೆಯ ವಿಷಯ ಬಿಟ್ಟು, ನೀವು ಇಲ್ಲಿ ಎಷ್ಟು ವರ್ಷದಿಂದ ಇದ್ದೀರಿ, ಮನೆ ಎಲ್ಲಿ ಎಂದೆಲ್ಲ ಕೇಳಿದರು. ನಾನು ನಗುತ್ತಾ ಆರ್.ಟಿ. ನಗರ ಎಂದೆ. ಬಾಡಿಗೆಯಲ್ಲ, ಸ್ವಂತದ್ದು ಎಂದೂ ಸೇರಿಸಿದೆ. ಅವರು ಅದನ್ನು ಕೇಳಿರಲಿಲ್ಲ.

ಆಮೇಲೆ ಅವರು ತಲೆ ಎತ್ತಿ ಕಟ್ಟಡವನ್ನು ಉದ್ದಕ್ಕೂ ನೋಡಿ, ಇದಕ್ಕೆ ಬಣ್ಣ ಯಾಕೆ ಹೊಡೆಸಿಲ್ಲ ಎಂದರು. ಇದು ಬಣ್ಣ ಬೇಡದ ಕಟ್ಟಡ ಎಂದು ಹೇಳಿದೆ. ಅವರು ನಂಬಲಿಲ್ಲ. ಅಷ್ಟರಲ್ಲಿ ನಮ್ಮ ಕಟ್ಟಡ ನೋಡಿಕೊಳ್ಳುವ ಇಂಜಿನಿಯರು ಆ ದಾರಿಯಲ್ಲಿ ಬಂದರು. ಅವರಿಗೆ ಈ ಕಟ್ಟಡವೆಂದರೆ ಪ್ರಾಣ. ನಿಂತುಕೊಂಡು ವಿವರಿಸಿದರು: ಇದು ಒಂದು ಶೈಲಿ, ಕಾಂಕ್ರೀಟು ಕಾಂಕ್ರೀಟಿನ ಹಾಗೆಯೇ ಕಾಣಬೇಕು, ಬಣ್ಣ ಬಳಿದರೆ ಸುಳ್ಳು ಹೇಳಿದ ಹಾಗೆ, ಕಟ್ಟಿದವರು ಮೊದಲೇ ಹಾಗೆ ಯೋಚಿಸಿದ್ದರು.

ಆ ಮನುಷ್ಯ ಅಷ್ಟನ್ನೂ ತಾಳ್ಮೆಯಿಂದ ಕೇಳಿಸಿಕೊಂಡು, ಕೊನೆಗೆ ಮೆತ್ತಗೆ, “ಬಣ್ಣದ ದುಡ್ಡು ತಿಂದೋರು ಇನ್ನೇನ್ ಹೇಳ್ತಾರೆ ಬಿಡಿ ಸಾರ್” ಎಂದು ಹೊರಟರು.

ಬೆಂಚಿನ ಮೇಲಿನ ಹಿರಿಯರು

ಇವರು ಖಂಡಿತ ಅವರೇ ಎಂದು ನಾನು ತೀರ್ಮಾನಿಸಿದ್ದೆ. ಬಿಳಿ ಪಂಚೆ, ಮಡಿಚಿದ ಛತ್ರಿ, ಹಣೆಯಲ್ಲಿ ಸಣ್ಣ ಕುಂಕುಮ. ಬೆಳಿಗ್ಗೆ ಬಂದು ನನ್ನ ಮೇಜಿನ ಎದುರಿಗಿದ್ದ ಸಿಮೆಂಟ್ ಬೆಂಚಿನ ಮೇಲೆ ಕೂತರೆ ಮಧ್ಯಾಹ್ನದವರೆಗೂ ಏಳುತ್ತಿರಲಿಲ್ಲ. ಏನು ಬೇಕಿತ್ತು ಎಂದು ಕೇಳಿದರೆ, “ಏನಿಲ್ಲ ತಾಯಿ, ಕಾಯ್ತಿದೀನಿ” ಎನ್ನುತ್ತಿದ್ದರು. ಯಾರಿಗೆ ಎಂದು ಹೇಳುತ್ತಿರಲಿಲ್ಲ. ನಾನು ಯಾರ ಹತ್ತಿರ ಹೇಗೆ ಮಾತಾಡುತ್ತೇನೆ ಎಂದು ನೋಡುತ್ತಿದ್ದಾರೆಂಬುದು ನನಗೆ ಸ್ಪಷ್ಟವಾಯಿತು.

ಮೊದಲ ದಿನ ಫ್ಲಾಸ್ಕಿನಿಂದ ಕಾಫಿ ಕೊಟ್ಟೆ. ಮರುದಿನ ನನ್ನ ಡಬ್ಬಿಯ ಚಿತ್ರಾನ್ನದಲ್ಲಿ ಪಾಲು ಕೊಟ್ಟೆ. ಇದನ್ನು ಮಾಡಿದ್ದು ಮಗಳು ಎಂದು ಹೇಳಿದೆ. ನಿಜಕ್ಕೂ ಮಾಡಿದ್ದು ನಮ್ಮ ಯಜಮಾನರು. ಅದರ ಮರುದಿನ ಒಬ್ಬಟ್ಟು. ಒಬ್ಬಟ್ಟನ್ನು ಅವರು ಕೈಯಲ್ಲಿ ಹಿಡಿದುಕೊಂಡು ನನ್ನನ್ನೇ ನೋಡಿದರು. ತಿನ್ನಲಿಲ್ಲ. ಕಣ್ಣಲ್ಲಿ ನೀರು ಬರುವ ಹಾಗಿತ್ತು. ಸಂಬಂಧ ಕುದುರಿತು ಎಂದುಕೊಂಡೆ.

“ತಾಯಿ, ಒಂದು ಮಾತು. ಮುಚ್ಚಿಡಬೇಡಿ” ಎಂದರು.

“ಕೇಳಿ ಯಜಮಾನ್ರೇ, ನಮ್ಮಲ್ಲಿ ಮುಚ್ಚಿಡೋದು ಏನೂ ಇಲ್ಲ.”

“ಸರ್ಕಾರಿ ಆಫೀಸಲ್ಲಿ ಒಬ್ಬಟ್ಟು ಕೊಡ್ತಿದೀರಿ ಅಂದ್ರೆ, ನನ್ ಫೈಲು ಕಳೆದೇ ಹೋಯ್ತು ಅಂತ ತಾನೇ?”

ಪ್ರಾಮಾಣಿಕ ಕಟ್ಟಡ

ಒಂದು ದಿನ ಕಾಲೇಜಿನ ಇಬ್ಬರು ಹುಡುಗಿಯರು ಕ್ಯಾಮೆರಾ ಹಿಡಿದು ಬಂದರು. ಕಟ್ಟಡ ಕಟ್ಟುವುದನ್ನು ಓದುವವರಂತೆ. ಒಬ್ಬಳು ನೆಲದ ಮೇಲೆ ಮಲಗಿ ಚಾವಣಿಯ ಫೋಟೋ ತೆಗೆದಳು, ಇನ್ನೊಬ್ಬಳು ಕಾಂಕ್ರೀಟ್ ಹಲಗೆಗಳ ನೆರಳಿನ ಫೋಟೋ ತೆಗೆದಳು. ಮನುಷ್ಯರ ಫೋಟೋ ಒಂದೂ ತೆಗೆಯಲಿಲ್ಲ. ಅದೇ ನನಗೆ ಅನುಮಾನ. ಹುಡುಗನ ತಂಗಿಯರ ವಯಸ್ಸಿನವರು ಬೇರೆ.

ನಿಮ್ಮನ್ನು ಕೆಲವು ಪ್ರಶ್ನೆ ಕೇಳಬಹುದಾ ಎಂದರು. ಸೆರಗು ಸರಿಮಾಡಿಕೊಂಡು ಕೂತೆ. ದಿನಾ ಈ ಜಾಗದಲ್ಲಿ ಇದ್ದು ನಿಮಗೆ ಏನನ್ನಿಸುತ್ತದೆ ಎಂದು ಕೇಳಿದರು. ಎಲ್ಲರ ಜೊತೆ ಹೊಂದಿಕೊಂಡು ಹೋಗುವುದು ನಮ್ಮ ಮನೆಯ ಗುಣ ಎಂದೆ. ಮೇಲಿನ ಸೇತುವೆಗಳ ಬಗ್ಗೆ ಏನು ಹೇಳುತ್ತೀರಿ ಎಂದರು. ಎರಡು ಕಡೆಯವರೂ ಹೋಗಿ ಬಂದು ಮಾಡುತ್ತಿದ್ದರೆ ಎಲ್ಲವೂ ಸರಿಹೋಗುತ್ತದೆ ಎಂದೆ. ಅದನ್ನು ಅವರು ಬಹಳ ಮೆಚ್ಚಿಕೊಂಡು ಬರೆದುಕೊಂಡರು.

ಹೋಗುವಾಗ ಒಬ್ಬಳು ಕಂಬ ಸವರುತ್ತಾ ಜೋರಾಗಿ, “ಎಷ್ಟು ಪ್ರಾಮಾಣಿಕವಾಗಿದೆ ಅಲ್ವಾ ಮೇಡಂ ಈ ಜಾಗ?” ಎಂದಳು.

ಇದನ್ನು ಗೇಟಿನ ಸೆಕ್ಯೂರಿಟಿಯವನು ಕೇಳಿಸಿಕೊಂಡ. ಇವನು ಯಲಹಂಕದಾಚೆಯ ಹಳ್ಳಿಯವನು, ನಿಯತ್ತಿನ ಮನುಷ್ಯ. ಕೇಳಿದವರಿಗೆ ಇಲ್ಲ ಎನ್ನದೆ, ಗೊತ್ತಿದ್ದಷ್ಟನ್ನೂ ಹೇಳಿಯೇ ಕಳಿಸುವವನು. ಈತನನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತಾನೆ. ಅವನು ಓಡಿಹೋಗಿ ಮೇಲೆ ನಮ್ಮ ಸೂಪರಿಂಟೆಂಡೆಂಟರಿಗೆ ಹೇಳಿದ. ಅವರು ತಕ್ಷಣ ಬೀರುಗಳಿಗೆ ಬೀಗ ಹಾಕಿಸಿ, ಎಲ್ಲರನ್ನೂ ತಮ್ಮ ತಮ್ಮ ಜಾಗದಲ್ಲಿ ಕೂರಿಸಿ, ಬೆವರು ಒರೆಸಿಕೊಳ್ಳುತ್ತಾ ಕೆಳಗಿಳಿದು ಬಂದರು.

“ಪ್ರಾಮಾಣಿಕತೆ ಹುಡುಕ್ಕೊಂಡು ಇಲ್ಲೀವರೆಗೂ ಬಂದಿದಾರೆ ಅಂದ್ರೆ, ಯಾರೋ ನಮ್ಮ ಮೇಲೆ ದೂರು ಕೊಟ್ಟಿದಾರೆ ಕಣ್ರೀ.”

ಹಲಸಿನ ಕಂಬ

ಇಷ್ಟು ದಿನ ನಕ್ಕು ನಕ್ಕು ನನ್ನ ದವಡೆ ನೋಯುತ್ತಿತ್ತು. ಯಾರೂ ಬಂದ ಸುದ್ದಿಯಿಲ್ಲ. ಮಗಳು ದಿನವೂ ಸಂಜೆ ಚಪ್ಪಲಿ ಬಿಡುವ ಮೊದಲೇ, ಯಾರಾದ್ರೂ ಬಂದಿದ್ರಾ ಎಂದು ಕೇಳುತ್ತಿದ್ದಳು. ಅದೇ ಹೊತ್ತಿಗೆ ಕಚೇರಿಯಲ್ಲಿ ಇನ್ನೊಂದು ಗುಸುಗುಸು ಶುರುವಾಗಿತ್ತು. ನಮ್ಮ ನಾಲ್ಕೂ ಬ್ಲಾಕುಗಳನ್ನು ಕೆಡವಿ ಗಾಜಿನ ಕಟ್ಟಡ ಕಟ್ಟುತ್ತಾರಂತೆ, ಗುತ್ತಿಗೆಯವರು ಗುಟ್ಟಾಗಿ ಬಂದು ಅಳತೆ ಮಾಡಿಕೊಂಡು ಹೋಗುತ್ತಿದ್ದಾರಂತೆ.

ಒಂದು ಮಧ್ಯಾಹ್ನ ನನ್ನ ಮೇಜಿನ ಮುಂದಿನ ಕಂಬದ ಆಚೆ ಬದಿಯಿಂದ ಟಕ್ ಟಕ್ ಸದ್ದು ಬಂತು. ಸ್ವಲ್ಪ ಬಿಟ್ಟು ಮತ್ತೆ ಟಕ್ ಟಕ್. ಎದ್ದು ಸುತ್ತಿ ಹೋಗಿ ನೋಡಿದರೆ, ಕಟ್ಟುಮಸ್ತಾದ ಹಿರಿಯರೊಬ್ಬರು ಗೆಣ್ಣಿನಿಂದ ಕಂಬವನ್ನು ತಟ್ಟಿ, ಕಿವಿಯಿಟ್ಟು ಕೇಳಿ, ಆಮೇಲೆ ಎರಡೂ ಕೈಯಲ್ಲಿ ತಬ್ಬಿ ಅಳತೆ ನೋಡುತ್ತಿದ್ದರು. ಬೀಗದ ಕೈಯಿಂದ ಒಂದು ಕಡೆ ಕೆರೆದೂ ನೋಡಿದರು.

ಇವರು ಗಂಡಿನ ಕಡೆಯವರಿರಬಹುದೆಂಬ ಯೋಚನೆಯೇ ನನಗೆ ಬರಲಿಲ್ಲ. ಹೆಣ್ಣಿನ ಮನೆ ವಿಚಾರಿಸಲು ಬಂದವರು ಕಂಬ ಯಾಕೆ ತಬ್ಬುತ್ತಾರೆ? ಇವರೇ ಕೆಡವುವವರು ಎಂದುಕೊಂಡೆ. ಅಷ್ಟು ದಿನ ಕಟ್ಟಿಟ್ಟುಕೊಂಡಿದ್ದ ಸಿಟ್ಟೆಲ್ಲ ಒಟ್ಟಿಗೇ ಬಂತು.

“ಏನ್ರೀ ಅದು, ಕಂಬ ತಟ್ಟಿ ನೋಡ್ತಿದೀರಾ? ಹಲಸಿನ ಹಣ್ಣಾ ಅದು?”

ಅವರು ಸಾವಕಾಶವಾಗಿ ಕೈ ಕೆಳಗಿಳಿಸಿದರು. ಇದು ಸರ್ಕಾರದ ಆಸ್ತಿ, ಇದರ ಮೇಲೆ ಕಣ್ಣು ಹಾಕಿದರೆ ನಾವು ಸುಮ್ಮನಿರುವುದಿಲ್ಲ, ಹೋಗಿ ನಿಮ್ಮವರಿಗೆಲ್ಲ ಹೇಳಿ ಎಂದು ಗದರಿದೆ. ಅವರು ಇನ್ನೊಂದು ಸಲ ಕಂಬವನ್ನು ತಟ್ಟಿದರು.

“ಇಲ್ಲ ಕಣವ್ವ, ಇನ್ನೂ ಕಾಯಿ” ಎಂದು ಹೇಳಿ ಗೇಟಿನ ಕಡೆ ನಡೆದರು.

ಸೆಕ್ಯೂರಿಟಿ ಕೊಟ್ಟ ಮಾಹಿತಿ

ಆ ವಾರವೇ ಓರಗಿತ್ತಿಯ ಫೋನ್ ಬಂತು. “ಅಕ್ಕ, ಇಷ್ಟು ದೊಡ್ಡ ವಿಷಯ ನಮ್ಮ ಹತ್ರಾನೂ ಮುಚ್ಚಿಟ್ರಲ್ಲ” ಎಂದಳು. ಯಾವ ವಿಷಯ ಎಂದರೆ, ನಿಮಗೇ ಗೊತ್ತಲ್ಲ ಎಂದು ಇಟ್ಟುಬಿಟ್ಟಳು. ಅವರು ಮಾತುಕತೆ ಮುಂದುವರಿಸುವುದಿಲ್ಲವಂತೆ.

ನನಗೇ ಗೊತ್ತಿರುವ ಆ ವಿಷಯ ಯಾವುದೆಂದು ನಾನು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಯಜಮಾನರು ನನ್ನನ್ನು ಒಂದು ಥರ ನೋಡುತ್ತಾ, “ಏನಾದ್ರೂ ಇದ್ರೆ ಹೇಳ್ಬಿಡು, ನಾನೇನೂ ಅಂದ್ಕೊಳ್ಳಲ್ಲ” ಎಂದರು. ಇಷ್ಟು ವರ್ಷ ಸಂಸಾರ ಮಾಡಿದವರು! ಮಗಳು ಕೆಲಸದಿಂದ ಬಂದು, ನಮ್ಮ ಮನೆಯಲ್ಲೇ ಉಳಿದುಬಿಟ್ಟಿದ್ದ ಆ ನಾಯಿಯ ಪಕ್ಕ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಅದನ್ನು ನೋಡಲಾಗದೆ ನಾನು ಅಡುಗೆಮನೆಯಲ್ಲೇ ಇರುತ್ತಿದ್ದೆ.

ಕೊನೆಗೆ ಹುಡುಗನೇ ಬಾಯಿಬಿಟ್ಟ. ಮಗಳು ಅಡುಗೆಮನೆಗೆ ಬಂದು, “ಅಮ್ಮ, ನಿನ್ ಮೇಲೆ ವಿಚಾರಣೆ ನಡೀತಿದ್ಯಾ?” ಎಂದಳು.

“ನನ್ ಮೇಲಾ?”

“ಅವರ ದೊಡ್ಡಪ್ಪ ನಿಮ್ ಆಫೀಸಿಗೆ ಬಂದಿದ್ರಂತೆ. ನೀನು ಮೂರು ವರ್ಷದಿಂದ ವಿಚಾರಣೆಯಲ್ಲಿದೀಯ ಅಂತ ಗೇಟಲ್ಲೇ ಹೇಳಿದ್ರಂತೆ.”

ನಾನು ಒಲೆ ಆರಿಸಿದೆ. ಓದುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಆದರೂ ಹೇಳಿಬಿಡುತ್ತೇನೆ. ದಾರಿ ಕೇಳಿದವರಿಗೆ ದಾರಿ ಹೇಳುವುದಕ್ಕೂ ನಮ್ಮಲ್ಲಿ ವಿಚಾರಣೆ ಎನ್ನುತ್ತಾರೆ. ತಪ್ಪು ಮಾಡಿ ಸಿಕ್ಕಿಬಿದ್ದ ನೌಕರರನ್ನು ಕೂರಿಸಿ ಕೇಳುವುದಕ್ಕೂ ವಿಚಾರಣೆ ಎನ್ನುತ್ತಾರೆ. ಬೋರ್ಡು ನೋಡಿದ್ದರೆ ಈ ಗೊಂದಲವಿರುತ್ತಿರಲಿಲ್ಲ. ಆದರೆ ಗೇಟಿನಿಂದ ಬರುವವರಿಗೆ ಬೋರ್ಡು ಕಾಣುವುದಿಲ್ಲ ಎಂದು ಮೊದಲೇ ಬರೆದಿದ್ದೇನೆ.

“ಅವರ ದೊಡ್ಡಪ್ಪನ್ನ ಒಂದ್ಸಲ ಕರ್ಕೊಂಡು ಬರೋಕೆ ಹೇಳು” ಎಂದೆ. “ಆದ್ರೆ ಹೊರಗೆ ಹೋಗೋ ದಾರಿಯಿಂದ ಒಳಗೆ ಬರ್ಲಿ.”

ಮರುದಿನ ಹುಡುಗ ದೊಡ್ಡಪ್ಪನನ್ನು ಕರೆದುಕೊಂಡು ಹಿಂದಿನಿಂದ ಬಂದ. ನೋಡಿದರೆ ಹಲಸಿನ ಹಣ್ಣಿನವರು. ನಾನು ಎದ್ದು ನಿಂತೆ, ಆದರೆ ನಮಸ್ಕಾರ ಮಾಡಲು ಕೈ ಮೇಲೆ ಬರಲಿಲ್ಲ. ಅವರು ನನ್ನ ಮುಖ ನೋಡಿದರು, ತಲೆಯ ಮೇಲಿನ ಬೋರ್ಡನ್ನು ನೋಡಿದರು, ಒಂದೊಂದೇ ಅಕ್ಷರ ಕೂಡಿಸಿ ಓದಿದರು.

“ಕಂಬ ಮುಟ್ಟಿದ್ದಕ್ಕೆ ಬೋದೋರು ನೀವೇ ಅಲ್ವರಾ?”

“ಹೂಂ.”

“ವಿಚಾರಣೇಲಿರೋರೂ ನೀವೇಯಾ?”

“ಹೂಂ. ಇದೇ ಆ ವಿಚಾರಣೆ.”

ಅವರು ಸೆಕ್ಯೂರಿಟಿಯವನನ್ನು ಕರೆಸಿದರು. ಅವತ್ತು ನಾನೇನು ಕೇಳಿದೆ, ನೀನೇನು ಹೇಳಿದೆ, ಒಂದಕ್ಷರ ಬಿಡದೆ ಹೇಳು ಎಂದರು. ಅವನು ಸಾಕ್ಷಿ ಹೇಳುವವನ ಹಾಗೆ ಟೋಪಿ ತೆಗೆದು ನಿಂತ.

“ಆಯಮ್ಮ ಎಲ್ಲವ್ರೆ ಅಂದ್ರಿ, ವಿಚಾರಣೇಲವ್ರೆ ಅಂದೆ. ಯಾವಾಗಿಂದ ಅಂದ್ರಿ, ಮೂರು ವರ್ಸ ಆಯ್ತು ಅಂದೆ. ಮೊದ್ಲೆಲ್ಲಿದ್ರು ಅಂದ್ರಿ, ದಾಸ್ತಾನಲ್ಲಿದ್ರು, ಅಲ್ಲಿಂದ ಎತ್ತಿ ವಿಚಾರಣೆಗೆ ಆಕುದ್ರು ಅಂದೆ. ಯಾವಾಗ ಮುಗೀತದೆ ಅಂದ್ರಿ, ರಿಟೈರ್ ಆಗೋಗಂಟ ಮುಗ್ಯಾಕಿಲ್ಲ ಅಂದೆ. ಪಾಪ ಅಂದ್ರಿ. ಪಾಪ ಏನ್ ಬಂತು, ಕುಂತಲ್ಲೇ ಸಂಬಳ ಬತ್ತದೆ ಅಂದೆ.”

ಹೇಳಿ ಮುಗಿಸಿ ನಮ್ಮೆಲ್ಲರ ಮುಖ ನೋಡಿದ. “ಇದ್ರಲ್ಲಿ ಸುಳ್ಳೇನೈತೆ?”

ಸುಳ್ಳು ಒಂದೂ ಇರಲಿಲ್ಲ. ದೊಡ್ಡಪ್ಪ ಕಂಬಕ್ಕೆ ಒರಗಿಕೊಂಡು ನಗಲು ಶುರುಮಾಡಿದವರು ನಿಲ್ಲಿಸಲೇ ಇಲ್ಲ. ಅವರು ಮನೆ ಕಟ್ಟಿಸಿ ಮಾರುವವರಂತೆ. ತಾವು ಕಟ್ಟಿಸಿದ್ದಕ್ಕೆ ಮೂರು ಸಲ ಬಣ್ಣ ಹೊಡೆಸಿದರೂ ಬಿರುಕು ಕಾಣುತ್ತದೆ, ಇದಕ್ಕೆ ಏನೂ ಬಳಿಯದಿದ್ದರೂ ಹೀಗೆ ನಿಂತಿದೆಯಲ್ಲ ಎಂದು ಹೊಟ್ಟೆಕಿಚ್ಚಿಗೆ ತಟ್ಟಿ ನೋಡಿದರಂತೆ. ಕಣ್ಣೊರೆಸಿಕೊಂಡು ಹುಡುಗನ ಕಡೆ ತಿರುಗಿದರು.

“ಸರ್ಕಾರದ ಕಂಬ ಮುಟ್ಟುದ್ರೇ ಇಂಗೆ ಎಗರಿ ಬೀಳೋ ಎಣ್ಮಗಳು ದಾಸ್ತಾನಲ್ಲಿ ಒಂದು ಪೊರಕೆ ಕಡ್ಡೀನೂ ಬುಟ್ಟಿರಾಕಿಲ್ಲ ಕಣ್ಲಾ. ಲಗ್ನ ಕಟ್ಸು.”

ಧಾರೆಯ ಹೊತ್ತು

ಮದುವೆ ನಡೆದಿದ್ದು ಯಲಹಂಕದ ಒಂದು ಛತ್ರದಲ್ಲಿ. ಬೀಗರನ್ನು ಸರಿಯಾಗಿ ವಿಚಾರಿಸಿಕೊಳ್ಳಲಿಲ್ಲ ಎಂಬ ಮಾತು ಬರಬಾರದು ಎಂದು ನಾನು ಬೆಳಗಿನಿಂದ ಬಾಗಿಲಲ್ಲೇ ನಿಂತಿದ್ದೆ. ತಿಂಡಿ ಆಯಿತಾ, ಕಾಫಿ ಆಯಿತಾ, ಕೋಣೆ ಸಿಕ್ಕಿತಾ ಎಂದು ಬಂದವರನ್ನೆಲ್ಲ ಕೇಳಿದೆ. ನಮ್ಮ ಸೆಕ್ಯೂರಿಟಿಯವನನ್ನೂ ಕರೆದಿದ್ದೆ. ಅವನು ರೇಷ್ಮೆ ಅಂಗಿ ಹಾಕಿಕೊಂಡು ಬಂದರೂ ಅಭ್ಯಾಸಬಲದಿಂದ ಬಾಗಿಲ ಪಕ್ಕದಲ್ಲೇ ನಿಂತಿದ್ದ. ಮುಹೂರ್ತ ಹತ್ತಿರವಾಗುತ್ತಲೇ ಪುರೋಹಿತರು ಕರೆಸಿದರು. ಧಾರೆ ಎರೆಯಲು ಸೀರೆ ಬದಲಿಸಿಕೊಂಡು ಬರಲೆಂದು ನಾನು ಒಳಗಿನ ಕೋಣೆಗೆ ಹೋದೆ.

ಆಗ ಬಂದವರು ಗೊರಗುಂಟೆಪಾಳ್ಯದ ಸೋದರತ್ತೆ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ತಡವಾಗಿತ್ತಂತೆ. ನಡೆದ ಕತೆಯನ್ನೆಲ್ಲ ದೊಡ್ಡಪ್ಪ ಅವರಿಗೆ ಹೇಳಿದ್ದರು, ಆದರೆ ಅವರು ಪೂರ್ತಿ ನಂಬಿರಲಿಲ್ಲ. ನನ್ನನ್ನು ಅವರು ನೋಡಿಯೂ ಇರಲಿಲ್ಲ. ಹಾಗಾಗಿ ಬಾಗಿಲಲ್ಲಿ ನಿಂತವನನ್ನೇ, ಹುಡುಗಿಯ ತಾಯಿ ಎಲ್ಲಪ್ಪ ಎಂದು ಕೇಳಿದರು.

ನಮ್ಮವನು ಎಂದಿನಂತೆ ಗೊತ್ತಿದ್ದಷ್ಟನ್ನೂ ಹೇಳಿದ: “ಬೆಳಗ್ಗಿಂದ ಇಲ್ಲೇ ಇದ್ರು ತಾಯಿ. ವಿಚಾರಣೆಯೆಲ್ಲಾ ಮುಗೀತು. ಈಗ್ತಾನೆ ಒಳಗೋದ್ರು.”

ಸೋದರತ್ತೆ ಒಂದು ಕ್ಷಣವೂ ನಿಲ್ಲದೆ, ವಾದ್ಯದವರನ್ನು ಪಕ್ಕಕ್ಕೆ ಸರಿಸಿಕೊಂಡು ಸೀದಾ ಮಂಟಪಕ್ಕೆ ಹೋಗಿ, ಅಕ್ಷತೆ ಹಿಡಿದು ನಿಂತಿದ್ದ ದೊಡ್ಡಪ್ಪನ ಕೈ ಹಿಡಿದು ಎಳೆದರಂತೆ.

“ನಾನವತ್ತೇ ಬಡ್ಕೊಂಡೆ, ಕೇಳುದ್ಯಾ? ಈಗ ಧಾರೆ ಎರಿಯಾಕಾದ್ರೂ ಆಯಮ್ಮನ್ನ ಬುಡ್ತಾರಂತಾ, ಓಗಿ ಕೇಳು.”